ಬಡಿದು ನೋಡುವವಳು

ಹದಿನೇಳು ವರ್ಷ ಇದೇ ನನ್ನ ಕೆಲಸ:
ಸ್ಪೇನಿನ ಓಂದಾ ಊರಿನ ಕಾರ್ಖಾನೆಯಲ್ಲಿ
ಭಟ್ಟಿಯ ಬಾಯಿಂದ ಬೆಚ್ಚಗೆ ಹೊರಬರುವ ಟೈಲುಗಳನ್ನು
ಬೆರಳ ಗೆಣ್ಣಿನಿಂದ ಬಡಿದು ನೋಡುವುದು,
ನನ್ನಜ್ಜಿ ಸಂತೆಯಲ್ಲಿ ನೀರಿನ ಹೂಜಿ ಕೊಳ್ಳುತ್ತಿದ್ದ ಹಾಗೆ.
ಟಣ್ ಎಂದರೆ ಒಂದನೇ ದರ್ಜೆ.
ಬೊದ್ ಎಂದರೆ ಒಳಗೆಲ್ಲೋ ಬಿರುಕು, ಬಲಗಡೆಯ ರಾಶಿಗೆ.
ಕಣ್ಣು ಮೋಸ ಹೋದೀತು, ಕಿವಿ ಹೋಗದು
ಎಂದು ದೊಯ್ನಾಳಿಗೆ ಹೇಳಿಕೊಟ್ಟವಳೂ ನಾನೇ,
ಅವಳು ರೊಮೇನಿಯಾದಿಂದ ಬಂದ ಮೊದಲ ವಾರ.

ಆಗ ಭಟ್ಟಿ ಆರಿದ್ದೇ ಇಲ್ಲ.
ಅದರ ಗುಂಯ್‌ಗೇ ನಿದ್ದೆ ಹೋಗಿ ನಮ್ಮ ಮಕ್ಕಳು ದೊಡ್ಡವರಾದರು.
ಕಡಲಂಚಿನುದ್ದಕ್ಕೂ ಕ್ರೇನುಗಳು. ಕಟ್ಟುವ ಮೊದಲೇ ಮನೆ ಮಾರಿ,
ಕೊಂಡವನು ಕೀಲಿ ಕೈಗೆ ಬರುವ ಮೊದಲೇ ಇನ್ನೊಬ್ಬನಿಗೆ ಮಾರಿ—
ಬ್ಯಾಂಕಿನವನು ನಮ್ಮನ್ನೂ ಕೂರಿಸಿ, ಕಾಫಿ ತರಿಸಿ
"ಇಷ್ಟೇ ಸಾಕೆ? ಅಡುಗೆಮನೆಗೂ ಸೇರಿಸಿ, ವ್ಯಾನಿಗೂ ಸೇರಿಸಿ" ಎಂದ.
ಸೇರಿಸಿದೆವು. ಸುಳ್ಳೇಕೆ, ಖುಷಿಯಿಂದಲೇ ಸೇರಿಸಿದೆವು.

ಭಟ್ಟಿ ನಿಂತದ್ದು ಒಂದು ಮಂಗಳವಾರ.
ಸದ್ದಿಲ್ಲದ್ದಕ್ಕೆ ಊರಿಗೆ ಎಚ್ಚರವಾಯಿತು.
ಬ್ರೆಡ್ಡಿನಂಗಡಿಯ ಮುಂದೆ ರಾತ್ರಿ ಪಾಳಿಯ ಗಂಡಸರು
ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದರು.
ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ.
ಟೀವಿಯಲ್ಲಿ ಟೈ ಕಟ್ಟಿದವನು "ನಿಧಾನಗತಿ" ಎಂದ,
ಮರುವಾರ "ಹೊಂದಾಣಿಕೆ" ಎಂದ;
ನಮ್ಮ ಬೀದಿಯಲ್ಲಿ ಅದಕ್ಕೆ
ಮೂರು ತಿಂಗಳ ಸಂಬಳ ಬಾಕಿ ಎನ್ನುತ್ತಿದ್ದರು.

ಮೊದಲು ಹೋದದ್ದು ಬತಿಸ್ತೆಯ ವ್ಯಾನು.
ಆಮೇಲೆ ಮಗಳ ಹಲ್ಲಿನ ತಂತಿ, ಅರ್ಧಕ್ಕೇ ಬಿಚ್ಚಿಸಿದೆವು;
ಒಂದು ಕೋರೆಹಲ್ಲು ಇನ್ನೂ ದಾರಿಯಲ್ಲೇ ನಿಂತಿದೆ.
ದೊಯ್ನಾ ತನ್ನ ಫ್ರಿಜ್ಜನ್ನು ನನಗೆ ಬಿಟ್ಟು ಊರಿನ ಬಸ್ಸು ಹತ್ತಿದಳು,
ಒಳಗೆ ಅರ್ಧ ಡಬ್ಬಿ ಉಪ್ಪಿಗೆ ಹಾಕಿದ ಎಳೆಸೌತೆ.
ಕಂತು ಮಾತ್ರ ಪ್ರತಿ ತಿಂಗಳ ಐದಕ್ಕೆ ತಪ್ಪದೆ ಬಂತು.
ಅದನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ.

ಬತಿಸ್ತೆ ನೆಲ ಹಾಕುವವನು. ಮಂಡಿಯೂರಿಯೇ ದುಡಿದವನು
ಈಗ ಸೋಫಾದ ತುದಿಯಲ್ಲಿ ನೆಟ್ಟಗೆ ಕೂತಿರುತ್ತಾನೆ,
ಡಾಕ್ಟರ ಬಳಿ ಸರದಿ ಕಾಯುವವನ ಹಾಗೆ.
"ಏನಾಯ್ತು?" ಎಂದರೆ
"ಏನಿಲ್ಲ, ಚೆನ್ನಾಗೇ ಇದ್ದೇನಲ್ಲ" ಎನ್ನುತ್ತಾನೆ.
ಬೊದ್.

ಎರಡನೆಯ ಚಳಿಗಾಲಕ್ಕೆ ನನಗೊಂದು ಕೆಲಸ ಸಿಕ್ಕಿತು:
ಬ್ಯಾಂಕಿನ ಪಾಲಿಗೆ ಬಂದ ಮನೆಗಳನ್ನು ಗುಡಿಸಿ ಒರೆಸುವುದು,
ಗಂಟೆಗೆ ಐದು ಯೂರೋ, ರಸೀದಿ ಕೇಳಬಾರದು.
ಕಡಲ ಕಡೆಯ ಆರನೇ ಮಹಡಿ. ಲಿಫ್ಟಿನ ಗುಂಡಿಯಿದೆ, ಲಿಫ್ಟಿಲ್ಲ.
ಒಂದು ರಾತ್ರಿಯೂ ಯಾರೂ ಮಲಗದ ಮನೆ.
ಗೋಡೆಯಿಂದ ವೈರುಗಳ ನಾಲಿಗೆ, ಬಾಲ್ಕನಿ ತುಂಬ ಪಾರಿವಾಳದ ಹಿಕ್ಕೆ.
ಒರೆಸುತ್ತ ಒರೆಸುತ್ತ ಧೂಳಿನಡಿಯಿಂದ ಎದ್ದು ಬಂದದ್ದು
ನಮ್ಮದೇ ಟೈಲು. ಮರಳಿನ ಬಣ್ಣ, ಅಂಚಿಗೊಂದು ಬೂದು ಎಳೆ.
ಅಭ್ಯಾಸ ನೋಡಿ, ಬಗ್ಗಿ ಬಡಿದೆ.
ಬೊದ್.
ಪಕ್ಕದ್ದು, ಬೊದ್. ಬಾಗಿಲವರೆಗೂ ಬೊದ್.

ಟೈಲು ಗಟ್ಟಿಯೇ. ಅಡಿಯಲ್ಲಿ ಗಾರೆಯಿಲ್ಲ.
ಮೀಟರಿಗಿಷ್ಟು ಎಂದು ಕೂಲಿ, ನಾಳೆಗೇ ಮುಗಿಯಬೇಕೆಂದು ಮೇಸ್ತ್ರಿ;
ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು,
ಮೇಲಿಂದ ಒತ್ತಿದರೆ ಆಯಿತು. ಕಾಣುವುದು ಯಾರಿಗೆ?
ಹೊಸ್ತಿಲ ಬಳಿ ಕತ್ತರಿಸಿ ಕೂರಿಸಿದ ತುಂಡನ್ನು ನೋಡಿದೆ:
ಎಡಚನ ಕೊಯ್ತ, ಕೊನೆಯಲ್ಲಿ ಕೂದಲೆಳೆಯಷ್ಟು ಓರೆ.
ನನ್ನ ಅಡುಗೆಮನೆಯಲ್ಲೂ ಅಂಥದ್ದೊಂದಿದೆ, ಸಿಂಕಿನ ಕೆಳಗೆ.

ಆ ಕೋಣೆಯನ್ನು ಎರಡು ಸಲ ಒರೆಸಿದೆ.
ಕೀಲಿ ವಾಪಸು ಕೊಟ್ಟು, ಹದಿನೈದು ಯೂರೋ ಎಣಿಸಿಕೊಂಡು,
ಅದರಲ್ಲಿ ಎರಡು ಬಸ್ಸಿಗೆ ಕೊಟ್ಟು ಮನೆಗೆ ಬಂದೆ.
"ಹೇಗಿತ್ತು ಮನೆ?" ಎಂದ.
"ನೆಲ ಚೆನ್ನಾಗಿದೆ" ಎಂದೆ.
ಅವನು ತಲೆಯೆತ್ತಲಿಲ್ಲ. ಮಂಡಿ ಉಜ್ಜಿಕೊಳ್ಳುತ್ತ, ಸ್ವಲ್ಪ ತಡೆದು,
"ಯಾವ ಮಹಡಿ?" ಎಂದು ಕೇಳಿದ.